ಗಿಟಾರ್ ಆಂಪ್‌ಗೆ ಕ್ಯಾಬಿನೆಟ್: ಮೊದಲು ಓಮ್, ಆಮೇಲೆ ಪೆಟ್ಟಿಗೆ, ಕಡೆಗೆ ಸ್ಪೀಕರಿನ ಹೆಸರು

ಗಿಟಾರ್ ಆಂಪ್‌ನ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು "ಯಾವ ಸ್ಪೀಕರ್ ಒಳ್ಳೇದು?" ಅಂತ. ವಿಂಟೇಜ್ 30ಯೋ, ಗ್ರೀನ್‌ಬ್ಯಾಕೋ, ಜೆನ್ಸನ್ನೋ? ಕೇಳಬೇಕಾದ ಪ್ರಶ್ನೆಯೇ ಹೌದು, ಆದರೆ ಅದರ ಸರದಿ ಕೊನೆಗೆ. ಓಮ್, ವಾಟ್ ಲೆಕ್ಕ ತಪ್ಪಿದರೆ ಆಂಪ್ ಇಲ್ಲವೇ ಸ್ಪೀಕರ್ ಸುಟ್ಟುಹೋಗುತ್ತದೆ. ಪೆಟ್ಟಿಗೆಯ ಆಯ್ಕೆ ತಪ್ಪಿದರೆ ಎಂಥ ಹೆಸರುವಾಸಿ ಸ್ಪೀಕರ್ ತಂದು ಕೂರಿಸಿದರೂ ಮನಸ್ಸಿನಲ್ಲಿದ್ದ ನಾದ ಬರುವುದಿಲ್ಲ. ಹಾಗಾಗಿ ಇಲ್ಲಿ ಹೆಸರುಗಳ ಮಾತು ತಡವಾಗಿ ಬರುತ್ತದೆ.

ಓಮ್ ಹೊಂದಿಸುವುದು

ಕ್ಯಾಬಿನೆಟ್ ಅಥವಾ ಕ್ಯಾಬ್ ಅಂದರೆ ಸ್ಪೀಕರ್ ಕೂರಿಸಿದ ಪೆಟ್ಟಿಗೆ. ಅದರ ಹಿಂದುಗಡೆ 4, 8 ಅಥವಾ 16 ಓಮ್ ಎಂದು ಬರೆದಿರುತ್ತದೆ, ಆಂಪ್‌ಗೆ ಅದು ಒಡ್ಡುವ ತಡೆಯ ಅಳತೆ ಇದು. ಆಂಪ್‌ನ ಸ್ಪೀಕರ್ ಜ್ಯಾಕ್‌ಗಳ ಪಕ್ಕದಲ್ಲೂ ಇವೇ ಅಂಕಿಗಳು. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಆದರೆ ಇವೆರಡೂ ಒಂದೇ ಇರಬೇಕು. ವಾಲ್ವ್‌ನಿಂದ ಬರುವುದು ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟ್. ಸ್ಪೀಕರಿಗೆ ಬೇಕಾದದ್ದು ಇದರ ತಿರುಗುಮುರುಗು. ನಡುವೆ ಕೂತು ಇದನ್ನು ಅದಲುಬದಲು ಮಾಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 4, 8, 16 ಎಂದು ಬರೆದಿರುವ ಜ್ಯಾಕ್‌ಗಳು ಅದರ ಒಂದೇ ಸುರುಳಿಯ ಬೇರೆ ಬೇರೆ ಹಂತದಿಂದ ಹೊರಬಂದ ತಂತಿಗಳು. 8 ಓಮ್ ಜ್ಯಾಕ್‌ಗೆ 8 ಓಮ್ ಕ್ಯಾಬ್ ಸಿಕ್ಕಿಸಿದಾಗ ಮಾತ್ರ ವಾಲ್ವ್‌ಗಳಿಗೆ ತಾವು ಎಳೆಯಬೇಕಾದಷ್ಟೇ ಹೊರೆ ಕಾಣಿಸುತ್ತದೆ.

ಬರೆದದ್ದಕ್ಕಿಂತ ಕಡಿಮೆ ಓಮ್‌ನ ಕ್ಯಾಬ್ ಹಾಕಿದರೆ ವಾಲ್ವ್‌ಗಳು ಹೆಚ್ಚು ಕರೆಂಟ್ ಎಳೆದು ಬೇಗ ಸವೆಯುತ್ತವೆ. ಹೆಚ್ಚು ಓಮ್‌ನದು ಹಾಕಿದರೆ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ವಾಲ್ವ್‌ಗೆ ಸೇರಿದ) ಕಡೆ ವೋಲ್ಟೇಜ್ ಏರುತ್ತದೆ. ಕೆಲವು ಆಂಪ್‌ಗಳು ಒಂದು ಹಂತದ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತವೆ, ಕೆಲವು ಸಹಿಸುವುದಿಲ್ಲ. ಆಂಪ್‌ನ ಕೈಪಿಡಿಯಲ್ಲಿ ಪರವಾಗಿಲ್ಲ ಎಂದು ಬರೆದಿದ್ದರೆ ಮಾತ್ರ ಆ ಸಾಹಸ. ಇನ್ನು ಸ್ಪೀಕರನ್ನೇ ಸಿಕ್ಕಿಸದೆ ವಾಲ್ವ್ ಆಂಪ್ ನುಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಟ್ರಾನ್ಸ್‌ಫಾರ್ಮರ್‌ನಲ್ಲಿ ಕೂಡಿದ ಶಕ್ತಿಗೆ ಹೊರಹೋಗಲು ದಾರಿಯಿಲ್ಲದೆ ಅದು ಭಾರೀ ವೋಲ್ಟೇಜ್ ಆಗಿ ವಾಪಸ್ ಎದ್ದು ಬರುತ್ತದೆ. ವಾಲ್ವ್ ಸಾಕೆಟ್‌ನ ಪಿನ್‌ಗಳ ನಡುವೆ ಕಿಡಿ ಹಾರುತ್ತದೆ, ಸುರುಳಿಯ ಒಳಗಿನ ಇನ್ಸುಲೇಷನ್ ತೂತಾಗುತ್ತದೆ. ಅಲ್ಲಿಗೆ ಆಂಪ್‌ನ ಅತಿ ದುಬಾರಿ ಭಾಗ ಹೋಯಿತು. ಆದ್ದರಿಂದ ಮೊದಲು ಕ್ಯಾಬ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿ. ಬಿಚ್ಚುವಾಗ ಇದರ ಉಲ್ಟಾ.

ಟ್ರಾನ್ಸಿಸ್ಟರ್ ಆಂಪ್‌ಗಳ ಕಥೆ ಬೇರೆ. ಅಲ್ಲಿ ಬರೆದಿರುವುದು ಕನಿಷ್ಠ ಮಿತಿ. "ಕನಿಷ್ಠ 4 ಓಮ್" ಎಂದಿದ್ದರೆ 4, 8, 16 ಯಾವುದನ್ನೂ ಹಾಕಬಹುದು, 2ಕ್ಕೆ ಇಳಿಸಬಾರದು. ಓಮ್ ಏರಿದಂತೆ ಪವರ್ ಇಳಿಯುತ್ತದೆ: 8 ಓಮ್‌ಗೆ 100 ವಾಟ್ ಕೊಡುವ ಆಂಪ್ 16 ಓಮ್‌ಗೆ ಹೆಚ್ಚುಕಡಿಮೆ ಅರ್ಧ ಕೊಡುತ್ತದೆ. ಇಲ್ಲಿ ಕೇಬಲ್ ಕಿತ್ತುಬಂದರೆ ಆಂಪ್‌ಗೆ ಏನೂ ಆಗುವುದಿಲ್ಲ, ಕೇಬಲ್ ಶಾರ್ಟ್ ಆದರೆ ಅಪಾಯ. ವಾಲ್ವ್‌ಗೆ ಹೆದರಿಕೆ ಖಾಲಿ ಜ್ಯಾಕಿನದು, ಟ್ರಾನ್ಸಿಸ್ಟರ್‌ಗೆ ಶಾರ್ಟಿನದು. ಇದೊಂದು ನೆನಪಿದ್ದರೆ ಅರ್ಧ ಗೊಂದಲ ಕಳೆಯಿತು.

ಒಂದಕ್ಕಿಂತ ಹೆಚ್ಚು ಸ್ಪೀಕರ್ ಇದ್ದರೆ ಕೂಡುವ ಲೆಕ್ಕ ಸುಲಭ. ಎರಡು 8 ಓಮ್ ಸ್ಪೀಕರ್‌ಗಳು ಸೀರೀಸ್‌ನಲ್ಲಿ (ಒಂದರ ಹಿಂದೊಂದು ಜೋಡಿಸಿದರೆ) 16, ಪ್ಯಾರಲಲ್‌ನಲ್ಲಿ (ಎರಡನ್ನೂ ಅವೇ ಎರಡು ತಂತಿಗೆ ಜೋಡಿಸಿದರೆ) 4. ನಾಲ್ಕು ಸ್ಪೀಕರ್‌ಗಳನ್ನು ಎರಡೆರಡು ಸೀರೀಸ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿದರೆ ಒಂದೊಂದರದು ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. 16 ಓಮ್‌ನ ನಾಲ್ಕು ಸೇರಿ 16 ಓಮ್ ಕ್ಯಾಬ್. ಎರಡು ಕ್ಯಾಬ್‌ಗಳನ್ನು ಒಂದೇ ಆಂಪ್‌ನ ಎರಡು ಜ್ಯಾಕ್‌ಗೆ ಸಿಕ್ಕಿಸಿದಾಗ ಅವು ಸಾಮಾನ್ಯವಾಗಿ ಪ್ಯಾರಲಲ್ ಆಗುತ್ತವೆ. ಹಾಗಾಗಿ ಎರಡು 16 ಓಮ್ ಕ್ಯಾಬ್‌ಗೆ ಆಂಪ್‌ನ ಓಮ್ ಆರಿಸುವ ಸ್ವಿಚ್ 8ರಲ್ಲಿರಬೇಕು. 8 ಮತ್ತು 16 ಓಮ್‌ನವನ್ನು ಒಟ್ಟಿಗೆ ಹಾಕಿದರೆ ಸಿಗುವುದು 5.33 ಓಮ್. ಅದಕ್ಕೆ ಸರಿಹೊಂದುವ ಜ್ಯಾಕ್ ಇರುವುದಿಲ್ಲ. ಸಾಲದ್ದಕ್ಕೆ ಪವರ್‌ನಲ್ಲಿ ಮೂರರಲ್ಲಿ ಎರಡು ಪಾಲು 8 ಓಮ್‌ನದಕ್ಕೇ ಹೋಗಿ, ಇನ್ನೊಂದು ಕ್ಯಾಬ್ ಹಿನ್ನೆಲೆಯಲ್ಲಿ ಗೊಣಗುತ್ತಿರುತ್ತದೆ.

ಹೊಸದಾಗಿ ಕೊಳ್ಳುವವರಿಗೆ 8 ಓಮ್ ಅನುಕೂಲ, ಹೆಚ್ಚಿನ ಆಂಪ್‌ಗಳಲ್ಲಿ ಅದಕ್ಕೊಂದು ಜ್ಯಾಕ್ ಇದ್ದೇ ಇರುತ್ತದೆ. ಮುಂದೆ ಎರಡನೆಯ ಕ್ಯಾಬ್ ಸೇರಿಸುವ ಯೋಚನೆ ಇದ್ದರೆ 16 ಜಾಣತನ, ಯಾಕೆಂದರೆ ಎರಡು ಸೇರಿದರೆ 8.

ಮೀಟರ್ ಹಿಡಿದು ನೋಡುವುದು

ಬರೆದದ್ದನ್ನು ನಂಬಬೇಡಿ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕ್ಯಾಬ್ ಆದರೆ. ಸ್ಪೀಕರ್ ಬದಲಾಗಿರುತ್ತದೆ, ಸ್ಟಿಕ್ಕರ್ ಹಳೆಯದೇ ಇರುತ್ತದೆ. ಸಾಧಾರಣ ಮಲ್ಟಿಮೀಟರ್ ಸಾಕು. ಕ್ಯಾಬ್‌ಗೆ ಕೇಬಲ್ ಸಿಕ್ಕಿಸಿ, ಇನ್ನೊಂದು ಕೊನೆಯ ಪಿನ್‌ನ ತುದಿಗೊಂದು ಬುಡಕ್ಕೊಂದು ಮೀಟರ್ ಕಡ್ಡಿ ಇಟ್ಟು, 200 ಓಮ್ ರೇಂಜಿನಲ್ಲಿ ಓದಿ. 4 ಓಮ್ ಕ್ಯಾಬ್ ಸುಮಾರು 3ರಿಂದ 3.5, 8 ಓಮ್ 6ರಿಂದ 7, 16 ಓಮ್ 12ರಿಂದ 13 ತೋರಿಸುತ್ತದೆ. ಮೀಟರ್ ಅಳೆಯುವುದು ತಂತಿಯ ಡಿಸಿ ರೆಸಿಸ್ಟೆನ್ಸ್. ಹೆಸರಿನಲ್ಲಿರುವ ಓಮ್ ಇಂಪೀಡೆನ್ಸ್, ಅದು ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಅದಕ್ಕೇ ಮೀಟರ್ ಯಾವಾಗಲೂ ಸ್ವಲ್ಪ ಕಡಿಮೆ ಹೇಳುತ್ತದೆ. 8 ಓಮ್ ಕ್ಯಾಬ್‌ಗೆ ಮೀಟರ್ 6.5 ಅಂದಿತೆಂದು ಗಾಬರಿ ಬೇಡ.

ಗಾಬರಿಯಾಗಬೇಕಾದ ಓದುಗಳು ಬೇರೆ ಇವೆ. ಎರಡು 16 ಓಮ್ ಸ್ಪೀಕರ್ ಪ್ಯಾರಲಲ್ ಮಾಡಿದ 8 ಓಮ್ ಕ್ಯಾಬ್ 6.5ರ ಬದಲು 13 ತೋರಿಸಿದರೆ ಒಂದು ಸ್ಪೀಕರ್ ಸತ್ತಿದೆ ಅಥವಾ ಅದರ ತಂತಿ ಕಳಚಿದೆ. 16 ಓಮ್‌ನ ನಾಲ್ಕು ಸ್ಪೀಕರ್ ಇರುವ ಪೆಟ್ಟಿಗೆಯಲ್ಲಿ, ಸೀರೀಸ್ ಜೋಡಿಗಳನ್ನು ಪ್ಯಾರಲಲ್ ಮಾಡಿದ್ದರೆ, ಒಂದು ಸ್ಪೀಕರ್ ಸತ್ತಾಗ ಅದರ ಜೊತೆಗಾರನೂ ಸುಮ್ಮನಾಗುತ್ತದೆ. ಮೀಟರ್ 13ರ ಬದಲು 26 ಹೇಳುತ್ತದೆ. ಪ್ಯಾರಲಲ್ ಜೋಡಿಗಳನ್ನು ಸೀರೀಸ್ ಮಾಡಿದ್ದರೆ 19.5ರ ಆಸುಪಾಸು. ಇಷ್ಟಾದರೂ ಕ್ಯಾಬ್ ಸದ್ದು ಮಾಡುತ್ತಲೇ ಇರುತ್ತದೆ, ಆದ್ದರಿಂದ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಉಳಿದ ಸ್ಪೀಕರ್‌ಗಳಲ್ಲಿ ಕೆಲವು ತಮ್ಮ ಪಾಲಿಗಿಂತ ಹೆಚ್ಚು ಪವರ್ ಹೊರುತ್ತಾ ಅವೂ ಸುಡುವ ದಾರಿ ಹಿಡಿದಿರಬಹುದು.

ಮೀಟರ್ ಕಡ್ಡಿ ತೆಗೆದು ಅದೇ ಜಾಗಕ್ಕೆ 1.5 ವೋಲ್ಟ್ ಬ್ಯಾಟರಿ ಒಂದು ಕ್ಷಣ ಮುಟ್ಟಿಸಿ. ಪಿನ್ ತುದಿಗೆ ಪ್ಲಸ್, ಬುಡಕ್ಕೆ ಮೈನಸ್. ಎಲ್ಲ ಕೋನ್‌ಗಳೂ (ಸ್ಪೀಕರಿನ ಕಂಪಿಸುವ ಬಟ್ಟಲು) ಒಟ್ಟಿಗೆ ಹೊರಕ್ಕೆ ಜಿಗಿಯಬೇಕು. ಗ್ರಿಲ್ ಬಟ್ಟೆಯಿಂದ ಕಾಣದಿದ್ದರೆ ಟಾರ್ಚ್ ಹಾಕಿ ನೋಡಿ. ಒಂದು ಹೊರಗೆ, ಒಂದು ಒಳಗೆ ಹೋದರೆ ಯಾರೋ ತಂತಿ ಉಲ್ಟಾ ಹಾಕಿದ್ದಾರೆ. ಒಂದು ಗಾಳಿಯನ್ನು ತಳ್ಳುವಾಗ ಪಕ್ಕದ್ದು ಎಳೆದುಕೊಳ್ಳುತ್ತದೆ, ಕೆಳಸ್ವರಗಳು ಮಾಯವಾಗುತ್ತವೆ. ಡಬ್ಬದೊಳಗಿಂದ ಬಂದಂಥ ಟೊಳ್ಳು ಸದ್ದು ಉಳಿಯುತ್ತದೆ. ಈ ದೋಷಕ್ಕೆ "ಈ ಸ್ಪೀಕರಿಗೆ ಬೇಸ್ ಇಲ್ಲ" ಎಂದು ಹೆಸರಿಟ್ಟು ಒಳ್ಳೆಯ ಸ್ಪೀಕರ್ ಮಾರಿದವರು ಬೇಕಾದಷ್ಟು. ಎರಡು ತಂತಿ ಅದಲುಬದಲು ಮಾಡಿದರೆ ಸರಿಹೋಗುವ ವಿಷಯ.

ವಾಟ್, ಮತ್ತು ವಾಟ್‌ಗಿಂತ ಮುಖ್ಯವಾದ ಡೆಸಿಬೆಲ್

ಆಂಪ್‌ನ ಮೇಲೆ ಬರೆದ ವಾಟ್ ಅದು ಸ್ವಚ್ಛವಾಗಿ ನುಡಿಯುವಾಗಿನದು. ವಾಲ್ಯೂಮ್ ಪೂರ್ತಿ ಏರಿಸಿ ಸದ್ದನ್ನು ಒಡೆಸಿದಾಗ (ಡಿಸ್ಟಾರ್ಷನ್) ಅಲೆಯ ತಲೆ ಚಪ್ಪಟೆಯಾಗಿ, ಹೊರಬರುವ ಪವರ್ ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ಪೂರ್ತಿ ಚೌಕಾಕಾರದ ಅಲೆಗೆ ಅದೇ ಎತ್ತರದ ಸೈನ್ ಅಲೆಯ ಎರಡರಷ್ಟು ಪವರ್ ಇರುತ್ತದೆ. ಹಾಗಾಗಿ 50 ವಾಟ್ ಆಂಪ್‌ಗೆ ಕ್ಯಾಬ್‌ನ ಒಟ್ಟು ಸಾಮರ್ಥ್ಯ 75ರಿಂದ 100 ವಾಟ್ ಇದ್ದರೆ ನೆಮ್ಮದಿ. 25 ವಾಟ್‌ನ ನಾಲ್ಕು ಗ್ರೀನ್‌ಬ್ಯಾಕ್ ಹಾಕಿ 100 ವಾಟ್ ಹೆಡ್ ಓಡಿಸುವುದು ಹಳೆಯ ರೂಢಿ. 30 ವಾಟ್‌ನ ವಾಕ್ಸ್ ಎಸಿ30 ಆಂಪ್‌ನಲ್ಲಿ 15 ವಾಟ್‌ನ ಎರಡು ಅಲ್ನಿಕೊ ಬ್ಲೂ ಸ್ಪೀಕರ್ ಇರುತ್ತಿದ್ದದ್ದೂ ಅದೇ ರೀತಿ, ಅಂಚಿಗೆ ಅಂಚು. ನಾದ ಸೊಗಸು, ಆದರೆ ಪೂರ್ತಿ ಏರಿಸಿ ದಿನಗಟ್ಟಲೆ ನುಡಿಸುವವರು ಸ್ಪೀಕರ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೇರೆ ಬೇರೆ ಸ್ಪೀಕರ್ ಬೆರೆಸಿದ್ದರೆ ಒಟ್ಟು ಕೂಡಬೇಡಿ, ಎಲ್ಲಕ್ಕಿಂತ ಚಿಕ್ಕದನ್ನು ಸಂಖ್ಯೆಯಿಂದ ಗುಣಿಸಿ. ಎರಡು 60 ವಾಟ್, ಎರಡು 25 ವಾಟ್ ಇರುವ ಪೆಟ್ಟಿಗೆ 170 ವಾಟ್‌ನದಲ್ಲ, 100 ವಾಟ್‌ನದು.

ಸದ್ದಿನ ಜೋರನ್ನು ವಾಟ್ ಹೇಳುವುದಿಲ್ಲ. ಅದನ್ನು ಹೇಳುವುದು ಸ್ಪೀಕರಿನ ಸೆನ್ಸಿಟಿವಿಟಿ: 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಡೆಸಿಬೆಲ್. ಗಿಟಾರ್ ಸ್ಪೀಕರ್‌ಗಳಲ್ಲಿ ಇದು ಹೆಚ್ಚಾಗಿ 96ರಿಂದ 102ರೊಳಗೆ. 3 ಡೆಸಿಬೆಲ್ ಅಂದರೆ ಪವರ್ ಎರಡರಷ್ಟು. 97 ಡೆಸಿಬೆಲ್ ಸ್ಪೀಕರಿಗೆ 50 ವಾಟ್ ಕೊಟ್ಟರೆ ಸುಮಾರು 114 ಡೆಸಿಬೆಲ್, 100 ಡೆಸಿಬೆಲ್ ಸ್ಪೀಕರಿಗೆ 25 ವಾಟ್ ಕೊಟ್ಟರೂ ಅದೇ 114. ಸ್ಪೀಕರ್ ಬದಲಿಸಿಯೇ ಆಂಪ್ ದುಪ್ಪಟ್ಟು ಮಾಡಿದಂತಾಯಿತು. 50 ವಾಟ್ ಬಿಟ್ಟು 100 ವಾಟ್ ಹೆಡ್ ಕೊಳ್ಳಲು ಹೊರಟವರು ಮೊದಲು ಈ ಅಂಕಿ ನೋಡಿಕೊಳ್ಳುವುದು ವಾಸಿ.

ಇದು ತಿರುಗಿಯೂ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ನುಡಿಸುವವರು, ವಾಲ್ಯೂಮ್ ಗುಂಡಿ 1ರಿಂದ 2ಕ್ಕೆ ಹೋಗುವಷ್ಟರಲ್ಲಿ ಗೋಡೆ ನಡುಗುತ್ತದೆ ಎನ್ನುವವರು, ಬೇಕೆಂದೇ 96-97 ಡೆಸಿಬೆಲ್‌ನ ಸ್ಪೀಕರ್ ಆರಿಸಬಹುದು.

ಬೆನ್ನು ತೆರೆದದ್ದೋ ಮುಚ್ಚಿದ್ದೋ

ನಾದದ ಮೇಲೆ ಎಲ್ಲಕ್ಕಿಂತ ದೊಡ್ಡ ಪರಿಣಾಮ ಇದರದು. ಕೋನ್ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದೆ ಅಷ್ಟೇ ಗಾಳಿ ಎಳೆಯುತ್ತದೆ. ಬೆನ್ನು ತೆರೆದಿದ್ದರೆ ಹಿಂದಿನ ಅಲೆ ಪೆಟ್ಟಿಗೆಯನ್ನು ಬಳಸಿಕೊಂಡು ಮುಂದಕ್ಕೆ ಬಂದು ಮುಂದಿನ ಅಲೆಯನ್ನು ಸೇರುತ್ತದೆ. ಸುತ್ತಿಬರುವ ದಾರಿ ಅರ್ಧ ಮೀಟರ್ ಅಂದುಕೊಳ್ಳಿ. 100 ಹರ್ಟ್ಸ್‌ನ ಅಲೆಯ ಉದ್ದ 3.4 ಮೀಟರ್, ಅದಕ್ಕೆ ಅರ್ಧ ಮೀಟರ್ ಏನೂ ಅಲ್ಲ. ಎರಡೂ ಅಲೆ ಹೆಚ್ಚುಕಡಿಮೆ ಎದುರುಬದುರಾಗಿ ಸೇರಿ ಒಂದನ್ನೊಂದು ನುಂಗುತ್ತವೆ. ಗಿಟಾರಿನ ದಪ್ಪ ತಂತಿಯ ಇ ಸ್ವರ 82 ಹರ್ಟ್ಸ್. ಅಂದರೆ ಕಳೆದುಹೋಗುವುದು ಸರಿಯಾಗಿ ಆ ಧಂ ಧಂ ಅನ್ನುವ ಭಾಗವೇ.

ಬದಲಿಗೆ ಸಿಗುವುದೂ ಇದೆ. ಮೇಲ್ಸ್ವರಗಳು ಹಿಂದಕ್ಕೂ ಹೊರಟು ಗೋಡೆಗೆ ಬಡಿದು ಕೋಣೆಯಲ್ಲೆಲ್ಲ ಹರಡುತ್ತವೆ. ಕ್ಲೀನ್ (ಒಡೆಯದ) ಸದ್ದಿನ ಕಾರ್ಡ್‌ಗಳು ಉಸಿರಾಡುತ್ತವೆ, ಎಲ್ಲಿ ನಿಂತರೂ ಸದ್ದು ಸುಮಾರು ಒಂದೇ ಥರ ಕೇಳುತ್ತದೆ. ಫೆಂಡರ್ ಟ್ವಿನ್ ರಿವರ್ಬ್, ವಾಕ್ಸ್ ಎಸಿ30 ಇವುಗಳ ನಾದದಲ್ಲಿ ತೆರೆದ ಬೆನ್ನಿನ ಪಾಲು ಸಣ್ಣದಲ್ಲ. ಒಂದು ಎಚ್ಚರಿಕೆ: ಕೋನ್‌ನ ಹಿಂದೆ ತಡೆಹಿಡಿಯುವ ಗಾಳಿ ಇಲ್ಲದ್ದರಿಂದ ಕೆಳಸ್ವರಕ್ಕೆ ಅದು ಹೆಚ್ಚು ದೂರ ಓಡಾಡುತ್ತದೆ. ತಂತಿ ಇಳಿಸಿ ಶ್ರುತಿ ಮಾಡಿ ಜೋರಾಗಿ ನುಡಿಸುವವರು ತೆರೆದ ಪೆಟ್ಟಿಗೆಯಲ್ಲಿ ಸ್ಪೀಕರಿನ ಪೂರ್ತಿ ವಾಟ್ ಬಳಸಬಾರದು.

ಮುಚ್ಚಿದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿ ಸ್ಪ್ರಿಂಗ್‌ನಂತೆ ಕೋನ್ ಅನ್ನು ಹಿಡಿಯುತ್ತದೆ. ಕೈಯಂಚಿನಿಂದ ತಂತಿ ಅದುಮಿ ಹೊಡೆದಾಗ ಎದೆಗೆ ಬರುವ ಗುದ್ದು ಇಲ್ಲಿಯದು. ಆದರೆ ಪೆಟ್ಟಿಗೆ ಚಿಕ್ಕದಾದಷ್ಟೂ ಆ ಸ್ಪ್ರಿಂಗ್ ಬಿಗಿ. ಹೊರಗಿಟ್ಟಾಗ 75 ಹರ್ಟ್ಸ್‌ನಲ್ಲಿ ಅನುರಣಿಸುವ ಸ್ಪೀಕರ್ ಚಿಕ್ಕ ಮುಚ್ಚಿದ ಪೆಟ್ಟಿಗೆಯೊಳಗೆ 100 ಹರ್ಟ್ಸ್ ದಾಟಿ ಹೋಗುತ್ತದೆ. ಆಗ ಬೇಸ್ ಬದಲು ಮಡಕೆಯೊಳಗಿಂದ ಮಾತಾಡಿದಂಥ ಗುಂಯ್ ಬರುತ್ತದೆ. ಹಗುರ, ಪುಟಾಣಿ ಎಂದು ಹೊಗಳಿಸಿಕೊಳ್ಳುವ 1×12 (12 ಇಂಚಿನ ಒಂದು ಸ್ಪೀಕರ್ ಇರುವ) ಮುಚ್ಚಿದ ಕ್ಯಾಬ್‌ಗಳಲ್ಲಿ ಈ ದೂರು ಸಾಮಾನ್ಯ. ಕೊಳ್ಳುವ ಮುನ್ನ ಅಳತೆಪಟ್ಟಿ ಹಿಡಿದು ಒಳಗಿನ ಉದ್ದ, ಅಗಲ, ಆಳವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿ, ಲೀಟರ್ ಸಿಗುತ್ತದೆ. ಒಂದು 12 ಇಂಚಿಗೆ 40 ಲೀಟರ್ ಇದ್ದರೆ ಪರವಾಗಿಲ್ಲ. 25ಕ್ಕೆ ಇಳಿದರೆ ಅದರ ಬೆನ್ನು ತೆರೆದು ಬಳಸುವುದೇ ವಾಸಿ.

ದೊಡ್ಡ 4×12ರೊಳಗೆ ಗಾಳಿ ಧಾರಾಳ ಎಂದು ಅನೇಕರ ನಂಬಿಕೆ. 75 ಸೆಂ.ಮೀ. ಅಗಲ, 75 ಎತ್ತರ, 36 ಆಳದ ಪೆಟ್ಟಿಗೆಯೊಳಗೆ ಹಲಗೆಯ ದಪ್ಪ ಕಳೆದರೆ ಸುಮಾರು 160 ಲೀಟರ್. ನಾಲ್ಕರಿಂದ ಭಾಗಿಸಿದರೆ ಒಂದಕ್ಕೆ 40. ಒಳ್ಳೆಯ 1×12ರಲ್ಲಿ ಇರುವಷ್ಟೇ! ಆದರೂ ಅದರ ಗುದ್ದು ಬೇರೆಯೇ, ಯಾಕೆಂದರೆ ನಾಲ್ಕು ಕೋನ್‌ಗಳು ಕೆಳಸ್ವರಗಳಲ್ಲಿ ಒಂದೇ ದೊಡ್ಡ ಕೋನ್‌ನಂತೆ ಕೆಲಸ ಮಾಡುತ್ತವೆ, ಮುಂದಿನ ಹಲಗೆಯೂ ದೊಡ್ಡದು. ಒಳಗಿನ ಗಾಳಿಯ ಮಹಿಮೆಯಲ್ಲ ಅದು.

ಬೆನ್ನಿನ ನಡುಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯುವಂತೆ ಮಾಡಿರುವ ಕ್ಯಾಬ್‌ಗಳೂ ಸಿಗುತ್ತವೆ. ಯಾವುದು ಬೇಕೆಂದು ಖಚಿತವಿಲ್ಲದವರಿಗೆ ಇದೇ ಸರಿ. ಕೊಳವೆ ಇಟ್ಟ ಪೋರ್ಟೆಡ್ ಪೆಟ್ಟಿಗೆಗಳು ಒಂದು ನಿರ್ದಿಷ್ಟ ಸ್ಪೀಕರಿಗೆ ಲೆಕ್ಕ ಹಾಕಿ ಮಾಡಿದವು. ಅದರಲ್ಲಿ ಬೇರೆ ಸ್ಪೀಕರ್ ಹಾಕಿದರೆ ಆ ಲೆಕ್ಕ ನಿಲ್ಲುವುದಿಲ್ಲ.

ಎಷ್ಟು ಸ್ಪೀಕರ್, ಹೇಗೆ ಜೋಡಿಸಿದ್ದು

ನೇರವಾಗಿ ಹೇಳುವುದಾದರೆ ಹೆಚ್ಚಿನವರಿಗೆ ಬೇಕಾದದ್ದು 2×12. 1×12 ಹೊರಲು ಸುಲಭ, 12ರಿಂದ 18 ಕಿಲೋ. ಮನೆ, ರೆಕಾರ್ಡಿಂಗ್‌ಗೆ ಧಾರಾಳ ಸಾಕು. 4×12 ಎಂದರೆ 35ರಿಂದ 45 ಕಿಲೋ, ಒಬ್ಬರೇ ಮೆಟ್ಟಿಲು ಹತ್ತಿಸಲಾಗದ ವಸ್ತು. 1960ರ ದಶಕದ ಆರಂಭದಲ್ಲಿ ಆಂಪ್ ಕಂಪನಿ ಮಾರ್ಷಲ್ ನಾಲ್ಕು ಸ್ಪೀಕರಿನ ಪೆಟ್ಟಿಗೆಗೆ ಹೋದದ್ದಕ್ಕೆ ಒಂದು ಕಾರಣ, ಆಗಿನ ಒಂದೊಂದು ಸ್ಪೀಕರ್ ತಡೆಯುತ್ತಿದ್ದ ವಾಟ್ ತೀರಾ ಕಡಿಮೆ ಇದ್ದದ್ದು. ಇವತ್ತು ಒಂದೇ ಸ್ಪೀಕರ್ 100 ವಾಟ್ ಹೊರುತ್ತದೆ. ಆ ಕಾರಣ ಹೋಗಿದೆ, ಭಾರ ಮಾತ್ರ ಉಳಿದಿದೆ. ವೇದಿಕೆಯಲ್ಲಿ ಆಂಪ್ ಮುಂದೆ ಮೈಕ್ ಇಡುವುದಾದರೆ ಆ ಮೈಕ್ ಕೇಳಿಸಿಕೊಳ್ಳುವುದೂ ಒಂದೇ ಒಂದು ಕೋನ್ ಅನ್ನು.

12 ಇಂಚಿನ ಕೋನ್‌ನ ಕೆಲಸ ಮಾಡುವ ವ್ಯಾಸ ಸುಮಾರು 26 ಸೆಂ.ಮೀ. 1300 ಹರ್ಟ್ಸ್‌ನ ಅಲೆಯ ಉದ್ದವೂ ಅಷ್ಟೇ. ಅದಕ್ಕಿಂತ ಮೇಲಿನ ಸ್ವರಗಳು ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಹೋಗುತ್ತವೆ, ಪಕ್ಕಕ್ಕೆ ಹರಡುವುದಿಲ್ಲ. ಗಿಟಾರಿನ ಮೊನಚು ಇರುವುದು 2000ದಿಂದ 4000 ಹರ್ಟ್ಸ್‌ನಲ್ಲಿ. ನೆಲದ ಮೇಲಿಟ್ಟ ಕ್ಯಾಬ್‌ನ ಮುಂದೆ ನಿಂತು ನುಡಿಸುವವರ ಮೊಣಕಾಲಿಗೆ ಆ ಮೊನಚು ಬಡಿಯುತ್ತದೆ, ಕಿವಿಗೆ ಮಂದ ಸದ್ದು ಬರುತ್ತದೆ. ಅವರು ಟ್ರೆಬಲ್ ಏರಿಸುತ್ತಾರೆ, ಎದುರು ಕೂತವರ ಕಿವಿ ಸೀಳುತ್ತದೆ. ಕ್ಯಾಬ್ ಅನ್ನು ಕುರ್ಚಿಯೆತ್ತರಕ್ಕೆ ಏರಿಸಿ ಅಥವಾ ಹಿಂದಕ್ಕೆ ವಾಲಿಸಿ ಇಟ್ಟರೆ ಈ ತಾಪತ್ರಯ ತಪ್ಪುತ್ತದೆ. 2×12 ಆದರೆ ಅದನ್ನು ನಿಲ್ಲಿಸಿ, ಸ್ಪೀಕರ್‌ಗಳು ಒಂದರ ಮೇಲೊಂದು ಬರುವಂತೆ ಇಟ್ಟು ನೋಡಿ. ಅಕ್ಕಪಕ್ಕ ಇದ್ದಾಗ ಸದ್ದು ಎಡಬಲಕ್ಕೆ ಕಿರಿದಾಗುತ್ತದೆ. ಮೇಲೆ ಕೆಳಗೆ ಇದ್ದರೆ ಎಡಬಲಕ್ಕೆ ಹರಡುತ್ತದೆ, ಒಂದು ಸ್ಪೀಕರ್ ಕಿವಿಗೆ ಹತ್ತಿರವೂ ಬರುತ್ತದೆ.

ಹಲಗೆಯ ವಿಷಯ ಚಿಕ್ಕದು. 18 ಮಿ.ಮೀ. ಬರ್ಚ್ ಪ್ಲೈವುಡ್ ಗಟ್ಟಿ, ಮೂಲೆ ಬಿಡುವುದಿಲ್ಲ. ಪೈನ್ ಹಗುರ, ತಾನೂ ಸ್ವಲ್ಪ ಕಂಪಿಸಿ ನಾದಕ್ಕೆ ಬೆಚ್ಚನೆಯ ಬಣ್ಣ ಕೊಡುತ್ತದೆ, ತೆರೆದ ಬೆನ್ನಿಗೆ ಚೆನ್ನ. ಎಂಡಿಎಫ್ ಸದ್ದಿಗೆ ತೊಂದರೆಯಿಲ್ಲ ಆದರೆ ಭಾರ, ನೀರು ತಾಗಿದರೆ ಉಬ್ಬುತ್ತದೆ. ಪಾರ್ಟಿಕಲ್ ಬೋರ್ಡ್‌ನಲ್ಲಿ ಸ್ಕ್ರೂ ಎರಡು ಸಲ ಬಿಚ್ಚಿದರೆ ಮೂರನೆಯ ಸಲ ಹಿಡಿಯುವುದಿಲ್ಲ.

ಈಗ ಹೆಸರುಗಳು

ಸೆಲೆಸ್ಟಿಯನ್ ವಿಂಟೇಜ್ 30: 60 ವಾಟ್, 100 ಡೆಸಿಬೆಲ್. ಮೇಲ್ಮಧ್ಯದ ಸ್ವರ ಮುಂದೆ ಬಂದು ಬ್ಯಾಂಡಿನ ನಡುವೆಯೂ ಗಿಟಾರ್ ಎದ್ದು ಕೇಳುತ್ತದೆ. ಆಂಪ್ ಮೊದಲೇ ಚೂಪಾಗಿದ್ದರೆ ಇದು ಗಾಯದ ಮೇಲೆ ಉಪ್ಪು. ಜಿ12ಎಂ ಗ್ರೀನ್‌ಬ್ಯಾಕ್: 25 ವಾಟ್, 98 ಡೆಸಿಬೆಲ್. ಮೃದು ತುದಿ, ನಡುಸ್ವರದಲ್ಲಿ ಗುರುಗುಟ್ಟುವ ಒರಟುತನ, ಹದವಾಗಿ ಒಡೆದ ಸದ್ದಿಗೆ ಇದರಷ್ಟು ಹೊಂದುವುದು ಕಡಿಮೆ. ಬೇಸ್ ಬಿಗಿಯಾಗಿರಲಿ ಅನ್ನುವವರಿಗಲ್ಲ. ಜಿ12ಟಿ-75: 75 ವಾಟ್, 97 ಡೆಸಿಬೆಲ್. ನಡುಸ್ವರ ತಗ್ಗು, ಕೆಳಗೂ ಮೇಲೂ ಉಬ್ಬು. ಒಬ್ಬರೇ ಕೂತು ನುಡಿಸುವಾಗ ಭರ್ಜರಿ, ಬ್ಯಾಂಡಿನಲ್ಲಿ ಎಲ್ಲಿ ಹೋಯಿತೆಂದು ಹುಡುಕಬೇಕು. ಎಲೆಕ್ಟ್ರೋ-ವಾಯ್ಸ್‌ನ ಇವಿಎಂ12ಎಲ್ 200 ವಾಟ್ ಹೊರುತ್ತದೆ. ಅದು ತಾನಾಗಿ ಒಡೆಯುವುದಿಲ್ಲ, ಆಂಪ್ ಕೊಟ್ಟದ್ದನ್ನು ಕೊಟ್ಟ ಹಾಗೆ ಒಪ್ಪಿಸುತ್ತದೆ. ಜೆನ್ಸನ್ ಸಿ12ಎನ್ ತೆರೆದ ಬೆನ್ನಿನ ಪೆಟ್ಟಿಗೆಯಲ್ಲಿ ಗಾಜಿನಂಥ ಕ್ಲೀನ್ ಸದ್ದಿಗೆ.

ಆಂಪ್‌ಗೆ ಯಾವುದು ಕಡಿಮೆಯೋ ಸ್ಪೀಕರಿಗೆ ಅದು ಹೆಚ್ಚಿರಲಿ. ಚೂಪು ಆಂಪ್‌ಗೆ ಮಂದ ಸ್ಪೀಕರ್, ಮಂದ ಆಂಪ್‌ಗೆ ಚೂಪು ಸ್ಪೀಕರ್. ಮ್ಯಾಗ್ನೆಟ್ ಸಿರಾಮಿಕ್ಕೋ ಅಲ್ನಿಕೊವೋ ಎಂಬ ಚರ್ಚೆಗಿಂತ ಇದು ಉಪಯೋಗಕ್ಕೆ ಬರುತ್ತದೆ. ಹೊರುವವರು ನೀವೇ ಆದರೆ ನಿಯೋಡಿಮಿಯಂ ಮ್ಯಾಗ್ನೆಟ್‌ನ ಸ್ಪೀಕರ್ ನೋಡಿ. ವಿಂಟೇಜ್ 30 ಒಂದೇ 4.7 ಕಿಲೋ, ನಿಯೋಡಿಮಿಯಂ 12 ಇಂಚಿನದು ಸುಮಾರು 2 ಕಿಲೋ. ಎರಡು ಸ್ಪೀಕರಿನ ಪೆಟ್ಟಿಗೆಯಲ್ಲಿ 5 ಕಿಲೋ ಉಳಿತಾಯ.

ಡಿಜಿಟಲ್ ಮಾಡೆಲರ್ (ಆಂಪ್‌ಗಳ ಸದ್ದನ್ನು ಅನುಕರಿಸುವ ಯಂತ್ರ) ಬಳಸುವವರು ಒಂದು ನೆನಪಿಡಬೇಕು. ಅದರೊಳಗೆ ಕ್ಯಾಬ್ ಸಿಮ್ಯುಲೇಷನ್ (ಕ್ಯಾಬ್‌ನ ಸದ್ದಿನ ಅನುಕರಣೆ) ಆನ್ ಇಟ್ಟುಕೊಂಡೇ ನಿಜವಾದ ಗಿಟಾರ್ ಕ್ಯಾಬ್‌ಗೆ ಕಳಿಸಿದರೆ ಕ್ಯಾಬ್ ಮೇಲೆ ಕ್ಯಾಬ್ ಆಗಿ ಸದ್ದು ಕಂಬಳಿ ಹೊದ್ದುಕೊಳ್ಳುತ್ತದೆ. ಸಿಮ್ಯುಲೇಷನ್ ಆಫ್ ಮಾಡಿ, ಇಲ್ಲವೇ ಎಲ್ಲ ಸ್ವರವನ್ನೂ ಸಮವಾಗಿ ನುಡಿಸುವ ಸ್ಪೀಕರ್ ಬಳಸಿ. ಗಿಟಾರ್ ಸ್ಪೀಕರ್ 5000 ಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿಯುತ್ತದೆ, ಅದಕ್ಕೆ ಟ್ವೀಟರ್ ಇಲ್ಲದಿರುವುದು ದೋಷವಲ್ಲ. ಒಡೆದ ಸದ್ದಿನ ಕರಕರ ಇರುವುದು ಅದರಾಚೆ. ಟ್ವೀಟರ್ ಇದ್ದರೆ ಗಿಟಾರ್ ಜೀರುಂಡೆಯಾಗುತ್ತದೆ.

ಕೇಳಿ ನೋಡುವಾಗ, ತೆಗೆದುಕೊಳ್ಳುವಾಗ

ನಿಮ್ಮದೇ ಹೆಡ್, ನಿಮ್ಮದೇ ಗಿಟಾರ್ ಒಯ್ಯಿರಿ. ಎರಡು ಕ್ಯಾಬ್ ಹೋಲಿಸುವಾಗ ವಾಲ್ಯೂಮ್ ಗುಂಡಿಯನ್ನು ಒಂದೇ ಅಂಕಿಯಲ್ಲಿ ಬಿಡಬೇಡಿ, ಕಿವಿಗೆ ಒಂದೇ ಜೋರು ಕೇಳುವಂತೆ ಸರಿಮಾಡಿ. ಇಲ್ಲದಿದ್ದರೆ 3 ಡೆಸಿಬೆಲ್ ಜೋರಿನದ್ದೇ "ಒಳ್ಳೆಯದು" ಅನ್ನಿಸಿಬಿಡುತ್ತದೆ. ಫೋನಿನ ಡೆಸಿಬೆಲ್ ಮೀಟರ್ ಈ ಕೆಲಸಕ್ಕೆ ಸಾಕು. ಮೊದಲು ಕ್ಲೀನ್‌ನಲ್ಲಿ ಆರೂ ತಂತಿಯ ಕಾರ್ಡ್ ನುಡಿಸಿ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆಯೇ ನೋಡಿ. ಆಮೇಲೆ ದಪ್ಪ ತಂತಿ ಅದುಮಿ ಹೊಡೆದು ಗುದ್ದು ಎಷ್ಟು ಬೇಗ ನಿಲ್ಲುತ್ತದೆ ನೋಡಿ. ಕೊನೆಗೆ ಸಣ್ಣ ತಂತಿಯಲ್ಲಿ 12ನೇ ಫ್ರೆಟ್‌ನ ಮೇಲೆ ಒಂದೊಂದೇ ಸ್ವರ. ಅಲ್ಲಿ ಚುಚ್ಚಿದರೆ ಮುಂದೆಯೂ ಚುಚ್ಚುತ್ತದೆ. ಹೊಸ ಕೋನ್ ಕೆಲವು ಗಂಟೆ ನುಡಿಸಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ ನಿಜ, ಆದರೆ ಇಷ್ಟವಿಲ್ಲದ ಸ್ಪೀಕರ್ ಇಷ್ಟವಾಗುವಷ್ಟು ಬದಲಾಗುವುದಿಲ್ಲ.

ಹಳೆಯದಾದರೆ ಬೆನ್ನು ಬಿಚ್ಚಿಸಿ. ಎರಡೂ ಕೈಯ ಬೆರಳುಗಳನ್ನು ಕೋನ್‌ನ ಎದುರುಬದುರು ಇಟ್ಟು ನಿಧಾನ ಸಮನಾಗಿ ಒತ್ತಿ. ಮೌನವಾಗಿ ಹೋಗಿ ಬರಬೇಕು. ಮರಳು ಉಜ್ಜಿದಂತೆ ಗರಗರ ಅಂದರೆ ಕಾಯಿಲ್ (ಕೋನ್‌ನ ಬುಡದ ತಂತಿಸುರುಳಿ) ಮ್ಯಾಗ್ನೆಟ್‌ಗೆ ತಾಗುತ್ತಿದೆ, ಅದನ್ನು ಬಿಡಿ. ಅಂಚಿನ ಸುಕ್ಕಿನಲ್ಲಿ ಸೀಳು, ನಡುವಿನ ಗುಮ್ಮಟದ ಸುತ್ತ ಹೊಸ ಅಂಟು, ಸುಟ್ಟ ವಾರ್ನಿಷ್ ವಾಸನೆ ಇವನ್ನೂ ನೋಡಿ. ಬಳಿಕ ಫೋನಿನಿಂದ 80ರಿಂದ 400 ಹರ್ಟ್ಸ್‌ವರೆಗೆ ನಿಧಾನ ಏರುವ ಸೈನ್ ಸ್ವರವನ್ನು ಆಂಪ್ ಮೂಲಕ ಮೆಲ್ಲಗೆ ಹಾಯಿಸಿ. ಎಲ್ಲೋ ಒಂದು ಸ್ವರಕ್ಕೆ ಝರ್ ಅಂದರೆ ಅಲ್ಲೇ ನಿಲ್ಲಿಸಿ ಹಿಡಿಕೆ, ಜ್ಯಾಕ್ ಪ್ಲೇಟ್, ಬೆನ್ನ ಹಲಗೆ, ಗ್ರಿಲ್ ಚೌಕಟ್ಟು ಒಂದೊಂದನ್ನೇ ಅಂಗೈಯಿಂದ ಒತ್ತಿ. ಯಾವುದು ಒತ್ತಿದಾಗ ನಿಲ್ಲುತ್ತದೋ ಅದೇ ಕಳ್ಳ. ಹತ್ತಕ್ಕೆ ಎಂಟು ಸಲ ಅದು ಸಡಿಲ ಸ್ಕ್ರೂ ಅಥವಾ ಕೋನ್‌ಗೆ ತಾಗುವ ವೈರ್ ಆಗಿರುತ್ತದೆ.

ಕೇಬಲ್ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ: ಗಿಟಾರ್ ಕೇಬಲ್‌ನಿಂದ ಹೆಡ್ ಮತ್ತು ಕ್ಯಾಬ್ ಜೋಡಿಸಬೇಡಿ. ಪಿನ್ ಒಂದೇ ಥರ ಇರುವುದರಿಂದಲೇ ಈ ತಪ್ಪು ಆಗುವುದು. ಗಿಟಾರ್ ಕೇಬಲ್‌ನ ನಡುತಂತಿ ಕೂದಲೆಳೆಯಂಥದ್ದು, ಸುತ್ತ ಜಾಲರಿ. ಸ್ಪೀಕರ್ ಕರೆಂಟಿಗೆ ಅದು ಬಿಸಿಯಾಗಿ, ಒಳಗಿನ ಪ್ಲಾಸ್ಟಿಕ್ ಕರಗಿ ಶಾರ್ಟ್ ಆಗುತ್ತದೆ ಅಥವಾ ಕಡಿದುಹೋಗುತ್ತದೆ. ಅಂದರೆ ಮೇಲೆ ಹೇಳಿದ ಎರಡೂ ಅಪಾಯಗಳು ಒಂದೇ ಕೇಬಲ್‌ನಲ್ಲಿ. ಬೇಕಾದದ್ದು ಸಮಾನ ದಪ್ಪದ ಎರಡು ತಂತಿಯ ಸ್ಪೀಕರ್ ಕೇಬಲ್, ಕನಿಷ್ಠ 1.5 ಚದರ ಮಿ.ಮೀ., 1ರಿಂದ 2 ಮೀಟರ್ ಉದ್ದ.

ಖಾಲಿ ಪೆಟ್ಟಿಗೆ ಕೊಂಡು ಸ್ಪೀಕರ್ ನೀವೇ ಹಾಕುವುದಾದರೆ, ಬಾಫಲ್‌ನ (ಸ್ಪೀಕರ್ ಕೂರಿಸುವ ಮುಂದಿನ ಹಲಗೆ) ತೂತು 12 ಇಂಚಿಗೆ ಸುಮಾರು 283 ಮಿ.ಮೀ. ಇದೆಯೇ ಮೊದಲೇ ಅಳೆಯಿರಿ. ತಂತಿಯ ಟ್ಯಾಗ್‌ಗಳು ಕೆಳಕ್ಕೋ ಪಕ್ಕಕ್ಕೋ ಜ್ಯಾಕ್ ಇರುವ ಕಡೆಗೆ ಬರಲಿ. ವೈರ್ ಕೋನ್ ಕಡೆಗೆ ಜೋತುಬೀಳಬಾರದು. ನಾಲ್ಕೂ ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ಕಾರಿನ ಚಕ್ರದ ನಟ್ ಬಿಗಿಯುವ ಹಾಗೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪವರ್ ಡ್ರಿಲ್ ಬೇಡ. ಅದು ಜಾರಿದರೆ ಕೋನ್‌ಗೆ ತೂತು. ಜಾರದಿದ್ದರೂ ಒಂದು ಕಡೆ ಅತಿ ಬಿಗಿಯಾಗಿ ಸ್ಪೀಕರಿನ ಲೋಹದ ಬುಟ್ಟಿ ವಾರೆಯಾಗುತ್ತದೆ, ಹೊಚ್ಚಹೊಸ ಕಾಯಿಲ್ ಗರಗರ ಶುರುಮಾಡುತ್ತದೆ. ಸ್ಪೀಕರಿನ ಅಂಚಿನ ಮೆತ್ತೆ (ಗ್ಯಾಸ್ಕೆಟ್) ತುಸು ಅಮುಕಿದರೆ ಸಾಕು. ಅದು ಕೂತುಕೊಂಡ ಮೇಲೆ ಬೋಲ್ಟ್‌ಗಳು ಸಡಿಲವಾಗುವುದು ಸಹಜ, ಹಾಗಾಗಿ ಮೂರು ನಾಲ್ಕು ವಾರ ನುಡಿಸಿದ ಮೇಲೆ ಬೆನ್ನು ತೆಗೆದು ಇನ್ನೊಮ್ಮೆ ಕೈ ಸ್ಕ್ರೂಡ್ರೈವರ್‌ನಲ್ಲಿ ಒಂದು ಸುತ್ತು ನೋಡಿ.